ಫಜಲುಲ್ಲಾ ಸಾಬರ ಹತ್ತರಿ ಮಿಷನ್ನು

ನಮ್ಮ ಚಿತ್ರದುರ್ಗದಲ್ಲಿ ಒಂದು ಕಾಲಕ್ಕೆ ಮರಗೆಲಸದ ಮಿಷನ್ನು ತಯಾರಾಗುತ್ತಿತ್ತು ಎಂದರೆ ಈಗಿನವರು ನಗುತ್ತಾರೆ. ನಗಲಿ. ನಗುವವರ ಮನೆಯ ಬಾಗಿಲೇ ಆ ಮಿಷನ್ನಿನ ಮೇಲೆ ನುಣುಪಾಗಿ ಬಂದದ್ದಿರಬಹುದು, ಅದು ಅವರಿಗೆ ಗೊತ್ತಿಲ್ಲ. ನಾನು ಮಾರಣ್ಣ, ಹಿಟ್ಟಿನ ಗಿರಣಿಯವನು. ರಸ್ತೆ ದಾಟಿದರೆ ಫಜಲುಲ್ಲಾ ಸಾಬರ ಕಾರ್ಖಾನೆ. ಕಾರ್ಖಾನೆ ಅಂದರೆ ದೊಡ್ಡದೇನಲ್ಲ. ತಗಡಿನ ಶೆಡ್ಡು, ಅದರ ಹಿಂದೆ ಅಂಗಳ, ಅಂಗಳದಾಚೆ ಅವರ ಮನೆ. ಈಗ ಅಲ್ಲಿ ಪ್ಲೈವುಡ್ ಅಂಗಡಿ ಇದೆ. ಮರವನ್ನು ಹಾಳೆಹಾಳೆಯಾಗಿ ಸೀಳಿ ಅಂಟಿಸಿದ ಹಲಗೆಯನ್ನು ಅಲ್ಲೇ ಮಾರುತ್ತಾರೆ, ಇದಕ್ಕಿಂತ ಇನ್ನೇನು ಆಗಬೇಕು.

ಸಾಬರು ಹುಟ್ಟಿದ್ದು ಕೋಟೆಯ ಕೆಳಗಿನ ಬೀದಿಯಲ್ಲಿ. ಅಪ್ಪ ಎತ್ತಿನಗಾಡಿಯ ಚಕ್ರ ಮಾಡುವವರು. ಮೀಸೆ ಮೂಡುವ ಮೊದಲೇ ಇವರು ಭದ್ರಾವತಿಗೆ ಹೋಗಿ, ಕಬ್ಬಿಣದ ಕಾರ್ಖಾನೆಯಲ್ಲಿ ಪ್ಯಾಟ್ರನ್ ಕೆಲಸ ಕಲಿತರು. ಕಬ್ಬಿಣದಲ್ಲಿ ಯಾವ ಭಾಗ ಬೇಕೋ ಅದನ್ನು ಮೊದಲು ಮರದಲ್ಲಿ ಕೆತ್ತಬೇಕು, ಅದಕ್ಕೆ ಪ್ಯಾಟ್ರನ್ ಅನ್ನುತ್ತಾರೆ. ಆ ಮರವನ್ನು ಹಸಿ ಮರಳಿನಲ್ಲಿ ಒತ್ತಿ ತೆಗೆದರೆ ಅದೇ ಆಕಾರದ ಗುಳಿ ಉಳಿಯುತ್ತದೆ, ಕರಗಿದ ಕಬ್ಬಿಣವನ್ನು ಅದಕ್ಕೆ ಹೊಯ್ಯುತ್ತಾರೆ. ಮರ ಹಾಗೇ ಇರುತ್ತದೆ, ಮತ್ತೆ ಒತ್ತಬಹುದು, ಮತ್ತೆ ಹೊಯ್ಯಬಹುದು. ಮಿಷನ್ನಿನ ತಾಯಿ ಅಂದರೆ ಆ ಮರವೇ.

ದೇಶಕ್ಕೆ ಸ್ವಾತಂತ್ರ್ಯ ಬಂದ ಮರುವರ್ಷ ಅವರು ಊರಿಗೆ ವಾಪಸಾದರು. ಆಗ ಮರ ನುಣುಪು ಮಾಡುವ ಮಿಷನ್ನು ಬೇಕೆಂದರೆ ವಿಲಾಯ್ತಿಯಿಂದ ತರಿಸಬೇಕಿತ್ತು. ಆಗಷ್ಟೇ ಮುಗಿದಿದ್ದ ಯುದ್ಧದ ದೆಸೆಯಿಂದ ಅದೂ ಸಿಗುತ್ತಿರಲಿಲ್ಲ. ಬಡಗಿಗಳು ಹತ್ತರಿ ಹಿಡಿದು ಬೆಳಗಿಂದ ಸಂಜೆತನಕ ಹಲಗೆ ಉಜ್ಜಿ ಉಜ್ಜಿ ರಟ್ಟೆ ಕಳೆದುಕೊಳ್ಳುತ್ತಿದ್ದರು. ಸಾಬರಿಗೆ ಒಂದು ಹಟ ಹುಟ್ಟಿತು, ದುರ್ಗದ ಬಡಗಿಗೆ ದುರ್ಗದ್ದೇ ಮಿಷನ್ನು ಸಿಗಬೇಕು ಅಂತ. ಎರಡು ಕಬ್ಬಿಣದ ಹಾಸು, ಅವುಗಳ ನಡುವೆ ಗಿರ್ರನೆ ತಿರುಗುವ ಉರುಳೆ, ಉರುಳೆಗೆ ಬಿಗಿದ ಬ್ಲೇಡು. ಹಲಗೆಯನ್ನು ಮೇಲಿಂದ ನೂಕಿದರೆ ಸಾಕು, ಕನ್ನಡಿಯ ಹಾಗೆ ಆಚೆ ಬರುತ್ತಿತ್ತು. ಜನ ಅದಕ್ಕೆ ಹತ್ತರಿ ಮಿಷನ್ನು ಎಂದೇ ಹೆಸರಿಟ್ಟರು. ಬೋರ್ಡಿನ ಮೇಲೆ 'ಫಜಲ್ ಅಂಡ್ ಬ್ರದರ್' ಎಂದು ಬರೆಸಿದ್ದರು. ಬ್ರದರ್ ಅಂದರೆ ತಮ್ಮ ತಾಜುದ್ದೀನ್, ಸಾಬರಿಗಿಂತ ಬಹಳ ಚಿಕ್ಕವನು. ಮಾತಿನಲ್ಲಿ ಚುರುಕು, ಕೂತಲ್ಲಿ ಕೂರುವವನಲ್ಲ. ಗಿರಾಕಿಗಳನ್ನು ಹಿಡಿದು ತರುವುದು, ಅಚ್ಚು ಹೊಯ್ಯಲು ಪ್ಯಾಟ್ರನ್ನುಗಳನ್ನು ದಾವಣಗೆರೆಯ ಫೌಂಡ್ರಿಗೆ ಒಯ್ಯುವುದು ಅವನ ಪಾಲು.

ಸಾಬರ ಬಳಿ ಎರಡು ಸ್ಕೇಲು ಇದ್ದವು. ಕಬ್ಬಿಣ ಆರುವಾಗ ಕುಗ್ಗುತ್ತದಂತೆ, ಅಡಿಗೆ ಇಂಚಿನ ಎಂಟನೇ ಒಂದು ಪಾಲು. ಅಷ್ಟನ್ನು ಮರದಲ್ಲೇ ಹೆಚ್ಚಿಗೆ ಇಡಬೇಕು. ಅದಕ್ಕೇ ಒಂದು ಸ್ಕೇಲಿನಲ್ಲಿ ಇಂಚುಗಳೆಲ್ಲ ಕೂದಲೆಳೆಯಷ್ಟು ಉದ್ದ. ಪಕ್ಕಪಕ್ಕ ಇಟ್ಟು ನೋಡಿದರೆ ಮಾತ್ರ ವ್ಯತ್ಯಾಸ ತಿಳಿಯುತ್ತಿತ್ತು. ನಾನು ಅದನ್ನು ಸುಳ್ಳು ಸ್ಕೇಲು ಎಂದು ಗೇಲಿ ಮಾಡುತ್ತಿದ್ದೆ. ನಿನ್ನ ತಕ್ಕಡಿಯಲ್ಲಿ ಇಂಥದ್ದು ಇಲ್ಲ ತಾನೆ ಎಂದು ಅವರೂ ಬಿಡುತ್ತಿರಲಿಲ್ಲ.

"ಇದು ಸುಳ್ಳು ಹೇಳಿದ್ರೇನೇ ಮಾರಣ್ಣ, ಕಬ್ಬಿಣ ನಿಜ ಹೇಳಾದು," ಅನ್ನುತ್ತಿದ್ದರು.

ಮೊಟ್ಟಮೊದಲ ಮಿಷನ್ನು ಹೋದದ್ದು ರಾಮಗಿರಿಗೆ. ಸ್ಟೇಷನ್ನಿನ ಹತ್ತಿರ ಎತ್ತಪ್ಪ ಎಂಬುವವನು ಮರದ ಶೆಡ್ಡು ಹಾಕಿದ್ದ. ಆ ಮಿಷನ್ನಿನ ಹಾಸಿನ ಅಡಿಯಲ್ಲಿ, ಅಚ್ಚು ಹೊಯ್ಯುವಾಗ ಗಾಳಿ ಸೇರಿ, ಹುಣಸೆಬೀಜದಷ್ಟು ತೂತು ಬಿದ್ದಿತ್ತು. ಕೆಲಸಕ್ಕೆ ಅದರಿಂದ ಏನೂ ಬಾಧೆಯಿಲ್ಲ, ಬಗ್ಗಿ ನೋಡಿದರೂ ಕಾಣುವಂಥದ್ದಲ್ಲ. ಸಾಬರು ಮಾತ್ರ ಒದ್ದಾಡಿಬಿಟ್ಟರು. ಸೀಸ ಕರಗಿಸಿ ತಮ್ಮ ಕೈಯಾರೆ ಅದನ್ನು ತುಂಬಿ, ಅರ ಹಾಕಿ ಸಮ ಮಾಡಿ, ಎತ್ತಪ್ಪನ ಕೈ ಹಿಡಿದು ಅಲ್ಲಿ ಮುಟ್ಟಿಸಿ, ಇಲ್ಲೊಂದು ಕುಂದಿದೆ, ಗೊತ್ತಿರಲಿ ಎಂದು ಹೇಳಿ ಕೊಟ್ಟರು. ಹೆಣ್ಣು ಕೊಡುವವರು ಮಗಳ ಮೈಮೇಲಿನ ಮಚ್ಚೆ ತೋರಿಸಿ ಕೊಟ್ಟ ಹಾಗಾಯಿತು ಎಂದು ನಾವೆಲ್ಲ ನಕ್ಕಿದ್ದೆವು.

ಆಮೇಲೆ ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಎಲ್ಲ ಕಡೆಗೂ ಹೋದವು. ಬಬ್ಬೂರಿನ ಕೃಷಿ ಫಾರಂಗೆ ನೇಗಿಲು, ಕುಂಟೆ ಮಾಡಿಕೊಡುತ್ತಿದ್ದ ಬಡಗಿಯೂ ಒಂದನ್ನು ಕೊಂಡ. ಆಯುಧಪೂಜೆ ಬಂತೆಂದರೆ ಸಾಬರಿಗೆ ಬಿಡುವಿಲ್ಲ. ತಾವು ಕೊಟ್ಟ ಒಂದೊಂದು ಮಿಷನ್ನನ್ನೂ ನೋಡಿ ಬರಬೇಕು. ಬ್ಲೇಡು ಸಾಣೆ ಹಿಡಿದು, ಬೇರಿಂಗಿಗೆ ಎಣ್ಣೆ ಬಿಟ್ಟು, ಹಾಸು ಮಟ್ಟ ಇದೆಯೋ ಇಲ್ಲವೋ ನೋಡಿ ಅವರು ಸೈ ಅಂದ ಮೇಲೇ ಬಡಗಿಗಳು ಕುಂಕುಮ ಹಚ್ಚಿ ಕುಂಬಳಕಾಯಿ ಒಡೆಯುವುದು. ಮುಸಲ್ಮಾನರ ಕೈ ಮುಟ್ಟದೆ ಆ ಪೂಜೆ ಆಗುತ್ತಿರಲಿಲ್ಲ, ಯಾರಿಗೂ ಅದು ವಿಶೇಷ ಅನ್ನಿಸಲೂ ಇಲ್ಲ. ವಾಪಸು ಬರುವಾಗ ಚೀಲದ ತುಂಬ ತೆಂಗಿನಕಾಯಿ ಹೋಳು, ಮಂಡಕ್ಕಿ. ಅದರಲ್ಲಿ ನಮ್ಮ ಮನೆಗೂ ಪಾಲು ಬರುತ್ತಿತ್ತು.

ಎಲ್ಲ ಚೆನ್ನಾಗಿದ್ದಾಗಲೇ ಮಗಳು ತಾಹೇರಾಳ ಮದುವೆ ಬಂತು.

ಮನೆ ಚಿಕ್ಕದು, ಊಟ ಕಾರ್ಖಾನೆಯ ಅಂಗಳದಲ್ಲೇ ಎಂದಾಯಿತು. ನಮ್ಮ ದುರ್ಗದಲ್ಲಿ ಮಳೆ ಬೇಡಿದಾಗ ಬರುವುದಿಲ್ಲ. ಆ ದಿನ ಮಾತ್ರ ಹಿಂದಿನ ರಾತ್ರಿಯಿಂದಲೇ ಹಿಡಿದುಕೊಂಡಿತು. ತರಿಸಿದ್ದ ಸೌದೆಯೆಲ್ಲ ತೊಯ್ದು ತೊಪ್ಪೆ. ಬಿರಿಯಾನಿಯ ಹಂಡೆ ಒಲೆಯ ಮೇಲೆ, ಒಲೆಯಲ್ಲಿ ಬರೀ ಹೊಗೆ. ಅನ್ನಕ್ಕೆ ಹೊಗೆಯ ವಾಸನೆ ಹತ್ತಿದರೆ ಗಂಡಿನ ಕಡೆಯವರು ಏನಂದಾರು? ಅಡುಗೆಯವನು ಮಹಮೂದಾರ ಹತ್ತಿರ ಓಡಿದ. ಮಹಮೂದಾ ಎಂದರೆ ಸಾಬರ ಹೆಂಡತಿ. ಆ ತಾಯಿ ಒಂದು ಕಡೆ ಮಗಳನ್ನು ಸಿಂಗರಿಸಬೇಕು, ಇನ್ನೊಂದು ಕಡೆ ಬಂದವರನ್ನು ನೋಡಬೇಕು. ಶೆಡ್ಡಿನಲ್ಲಿ ಹಳೇ ಮರ ಪೇರಿಸಿಟ್ಟಿದ್ದಾರೆ, ಒಣಗಿದೆ, ಅದನ್ನು ತೆಗೆದುಕೋ ಅಂದರು. ಅವು ಕೆಲಸದ ಮರ ಅಲ್ಲವೇನಮ್ಮ ಎಂದು ಅವನು ಕೇಳಿದನಂತೆ. ಅವರು ಮನೆಯಲ್ಲಿ ಉರ್ದು ಆಡುತ್ತಿದ್ದರು, ಆಕೆ ಕೊಟ್ಟ ಉತ್ತರವನ್ನು ಕನ್ನಡದಲ್ಲೇ ಬರೆಯುತ್ತೇನೆ.

"ಮಿಷನ್ನು ಆತಲ್ಲ. ಇನ್ನು ಮರ ಯಾಕೆ? ತಗೊಂಡು ಒಲೆಗೆ ಹಾಕು."

ಅವರ ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ. ಮನೆ ಕಟ್ಟಿದ ಮೇಲೆ ಸಾರುವೆಯ ಕಂಬಗಳನ್ನು ಯಾರಾದರೂ ಕಾಪಾಡುತ್ತಾರೆಯೇ? ಆಕೆ ಕಂಡದ್ದು ಹಾಗೆ. ಅಷ್ಟು ವರ್ಷದ ಸಂಸಾರದಲ್ಲಿ ಆ ಮರ ಏನು, ಎತ್ತ ಎಂದು ಗಂಡನಾದವನು ಒಂದು ದಿನ ಕೂರಿಸಿ ಹೇಳಿರಲಿಲ್ಲ.

ಸಾಬರು ಅತ್ತರು ಹಚ್ಚಿಕೊಂಡು ಬಾಗಿಲಲ್ಲಿ ನಿಂತು ಬಂದವರ ಕೈ ಹಿಡಿಯುತ್ತಿದ್ದರು. ಹಂಡೆ ನೋಡಿ ಬರೋಣ ಎಂದು ಹಿಂದಕ್ಕೆ ಹೋದಾಗ ನಾನೂ ಜೊತೆಗಿದ್ದೆ. ಒಲೆ ಚೆನ್ನಾಗಿ ಉರಿಯುತ್ತಿತ್ತು. ಪ್ಯಾಟ್ರನ್ನಿಗೆ ಕೆಂಪು ಬಣ್ಣ ಹೊಡೆದಿರುತ್ತಾರೆ. ಬೆಂಕಿಯಾಚೆ ಚಾಚಿದ್ದ ಒಂದು ತುದಿಯಲ್ಲಿ ಆ ಬಣ್ಣ ಗುಳ್ಳೆಯೆದ್ದು ಸಿಡಿಯುತ್ತಿತ್ತು. ಹಾಸಿನದು, ಕಾಲಿನದು, ಬೇರಿಂಗ್ ಕೂರಿಸುವ ಮನೆಯದು, ಎಲ್ಲ ಒಳಗೆ ಹೋಗಿಬಿಟ್ಟಿದ್ದವು. ಸಾಬರು ನಿಂತು ನೋಡಿದರು. ಒಳ್ಳೆಯ ತೇಗ, ಹೊಗೆಯೇ ಇಲ್ಲ ನೋಡಿ ಎಂದು ಅಡುಗೆಯವನು ಹಿಗ್ಗಿನಿಂದ ಹೇಳಿ, ಅಮ್ಮನವರು ಅಂದ ಮಾತನ್ನೂ ಇದ್ದದ್ದು ಇದ್ದ ಹಾಗೆ ಒಪ್ಪಿಸಿದ. ಅನ್ನ ಉದುರುದುರಾಗಿ ಬರಲಿ ಎಂದಷ್ಟೇ ಹೇಳಿ ಸಾಬರು ತಿರುಗಿ ಬಾಗಿಲಿಗೆ ಹೋದರು. ನನಗೆ ತಡೆಯಲಿಲ್ಲ, ಸುಟ್ಟು ಉಳಿದದ್ದನ್ನಾದರೂ ಹೊರಗೆ ಎಳೆಸಿ ಎಂದೆ. ಮಗಳ ಮದುವೆಯಲ್ಲಿ ಒಲೆ ಆರಿಸಬಾರದು ಮಾರಣ್ಣ, ಸುಮ್ಮನಿರು ಅಂದರು. ಗಂಡಿನ ಕಡೆಯವರು ಬೆರಳು ಚೀಪಿಕೊಂಡು ಊಟ ಮಾಡಿದರು, ಸಾಬರೂ ಅವರ ಜೊತೆ ಕೂತು ಉಂಡರು.

ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ. ಆ ಬಂಗಾರಕ್ಕೆ ಬೆಂಕಿ ಬೀಳಲಿ. ಹೆಂಡತಿಗೆ ಬೈದಿದ್ದರೆ ಆಕೆ ಎರಡು ದಿನ ಅತ್ತು ಸುಧಾರಿಸಿಕೊಳ್ಳುತ್ತಿದ್ದರು. ಇವರು ಏನೂ ಅನ್ನಲಿಲ್ಲ. ಮುಂದಿನ ವಾರ ಹಿರಿಯೂರಿನಿಂದ ಆರ್ಡರು ಬಂತು. ತಾಜುದ್ದೀನ್ ಫೌಂಡ್ರಿಗೆ ಹೊರಟು ಪ್ಯಾಟ್ರನ್ ಎಲ್ಲಿ ಎಂದು ಕೇಳಿದರೆ, ಗೆದ್ದಲು ತಿಂದುಹಾಕಿತು ಅಂದರು. ಪ್ಯಾಟ್ರನ್ ಎಂದರೆ ಯಾವ ಮರ ಎಂದು ಮಹಮೂದಾರಿಗೆ ಗೊತ್ತಾದದ್ದು ಆವಾಗಲೇ. ಬಾಗಿಲ ಮರೆಯಲ್ಲಿ ನಿಂತಿದ್ದ ಅವರು ಗೆದ್ದಲು ಎಂಬ ಮಾತನ್ನೂ ಕೇಳಿದರು, ಗಂಡನ ಮುಖವನ್ನೂ ನೋಡಿದರು. ಆಕೆಯೂ ಬಾಯಿ ಬಿಡಲಿಲ್ಲ. ಗಂಡ ಹೆಂಡಿರ ನಡುವೆ ಆ ಗೆದ್ದಲು ಉಳಿದುಬಿಟ್ಟಿತು.

ಹೊಸ ಪ್ಯಾಟ್ರನ್ ಕೆತ್ತಲು ಆರೇಳು ತಿಂಗಳು ಬೇಕು. ಗಾಳಿ ಬಂದಾಗ ತೂರಿಕೊಳ್ಳುವ ಜಾತಿಯ ತಾಜುದ್ದೀನ್ ಅಷ್ಟು ದಿನ ಕಾಯುವವನೇ? ಶೆಡ್ಡಿನಲ್ಲಿ ಮಾರಲು ಸಿದ್ಧವಾಗಿದ್ದ ಒಂದು ಮಿಷನ್ನನ್ನು ಬಿಚ್ಚಿ, ಆ ಕಬ್ಬಿಣದ ಭಾಗಗಳನ್ನೇ ಮರಳಿಗೆ ಒತ್ತಿಸಿದ. ಕಬ್ಬಿಣದಿಂದ ಕಬ್ಬಿಣ ಹೊಯ್ದರೆ ಕುಗ್ಗುತ್ತದೆ ಎಂದು ಸಾಬರು ಹೇಳಿದರು. ನಾಲ್ಕಡಿ ಹಾಸಿನಲ್ಲಿ ಅರ್ಧ ಇಂಚು, ಯಾರಿಗೆ ಕಾಣುತ್ತದೆ ಭಾಯಿ ಅಂದ ಅವನು. ತಡೆಯಬೇಕಿದ್ದರೆ ಹಟ ಹಿಡಿಯಬೇಕು, ಹಟ ಹಿಡಿದರೆ ಗೆದ್ದಲಿನ ಕಥೆ ಕೆದಕಬೇಕಾಗುತ್ತದೆ. ಸಾಬರು ಸುಮ್ಮನಾದರು.

ಅಲ್ಲಿಂದ ಶುರುವಾಯಿತು ನೋಡಿ. ಆ ಮಿಷನ್ನು ಮಾರಿಹೋದರೆ ಮುಂದಿನದಕ್ಕೆ ಅದರ ಮರಿ, ಅದೂ ಹೋದರೆ ಮರಿಯ ಮರಿ. ಒಂದೊಂದು ಸಲಕ್ಕೂ ಅಳತೆ ಇಳಿಯಿತು, ಮೇಲೆ ಅರ ಹಾಕಿ ಸಮ ಮಾಡುವಾಗ ಹಾಸು ತೆಳುವಾಯಿತು. ಹಳೆಯದರ ಬ್ಲೇಡು ಹೊಸದಕ್ಕೆ ಕೂರುವುದಿಲ್ಲ, ಹೊಸದರ ಬೇರಿಂಗು ಹಳೆಯದಕ್ಕೆ ಆಗುವುದಿಲ್ಲ. ತಾಜುದ್ದೀನ್ ಮೇಲೆ ಹಸಿರು ಬಣ್ಣ ದಪ್ಪಗೆ ಬಳಿದು ಕಳಿಸುತ್ತಿದ್ದ. ಆಯುಧಪೂಜೆಗೆ ಸಾಬರು ಈಗಲೂ ಹೋಗುತ್ತಿದ್ದರು. ಮಿಷನ್ನು ಯಾಕೆ ಹಿಂಗೆ ನಡುಗುತ್ತದೆ ಎಂದು ಕೇಳಿದರೆ ಬೇರಿಂಗಿಗೆ ಇನ್ನೊಂದಿಷ್ಟು ಎಣ್ಣೆ ಬಿಟ್ಟು ಬರುತ್ತಿದ್ದರು. ಕೊನೆಗೆ ರಾಮಗಿರಿಯೊಂದನ್ನು ಬಿಟ್ಟು ಬೇರೆಲ್ಲೂ ಹೋಗುವುದನ್ನೇ ನಿಲ್ಲಿಸಿದರು. ನಮ್ಮ ಮನೆಗೆ ಮಂಡಕ್ಕಿಯೂ ಬರುವುದು ನಿಂತಿತು.

ಹೊಸದುರ್ಗದ ಕಾಟಪ್ಪನಿಗೆ ಕೊಟ್ಟದ್ದು ಮರಿಯ ಮರಿ. ಒಂದು ದಿನ ಮತ್ತಿಯ ಹಲಗೆ ನೂಕುತ್ತಿದ್ದಾಗ ಹಾಸು ಸೀಳಿತು. ಹಲಗೆ ಎಗರಿ ಅವನ ಕೈ ಉರುಳೆಯ ಮೇಲೆ ಬಿತ್ತು. ಬಲಗೈಯಲ್ಲಿ ಹೆಬ್ಬೆರಳು, ಕಿರುಬೆರಳು ಎರಡೇ ಉಳಿದವು. ಸಾಬರು ನೋಡಲು ಹೋದರು, ನಾನೂ ಹೋಗಿದ್ದೆ. ಕಾಟಪ್ಪ ಬೈಯುತ್ತಾನೆ, ಹೊಡೆದರೂ ಹೊಡೆದಾನು ಎಂದುಕೊಂಡಿದ್ದೆವು. ಅವನು ಎದ್ದು ಕೂತು, ಬರ್ರಿ ಸಾಬ್ರೇ, ಕುಂತ್ಕಳ್ರಿ ಅಂದ. ಆಮೇಲೆ ಒಂದೇ ಮಾತು ಕೇಳಿದ.

"ಎತ್ತಪ್ಪಂಗೆ ಕೊಡೋವಾಗ ಇಲ್ಲೊಂದು ಕುಂದೈತೆ ಅಂತ ಮುಟ್ಟಿಸಿ ಹೇಳಿದ್ರಂತೆ. ನಮಗ್ಯಾಕ್ರಿ ಹೇಳ್ಲಿಲ್ಲ?"

ಬಸ್ಸಿನಲ್ಲಿ ವಾಪಸು ಹೊರಟೆವು. ಹೊಳಲ್ಕೆರೆ ದಾಟಿದ ಮೇಲೆ ಸಾಬರು, ಪ್ಯಾಟ್ರನ್ ಮತ್ತೆ ಕೆತ್ತುತ್ತೇನೆ ಅಂದರು. ಸರಿಯಾದ ಮಿಷನ್ನು ಇನ್ನೊಂದು ಮಾಡಿ ಕಾಟಪ್ಪನ ಶೆಡ್ಡಿಗೆ ಇಟ್ಟು ಬಂದರೆ ಕಾರ್ಖಾನೆ ಉಳಿಯುತ್ತದೆ, ಆಗದಿದ್ದರೆ ಆ ಬೋರ್ಡನ್ನು ನಾನೇ ಇಳಿಸುತ್ತೇನೆ ಅಂದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಒಲೆಯ ಮಾತು ಬೇಡವೆಂದು ನುಂಗಿಕೊಂಡೆ. ಗಾದೆ ನೆನಪಾದದ್ದು ಯಾಕೆಂದರೆ, ಅಷ್ಟರಲ್ಲಿ ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಒಂದಕ್ಕೆ ಆಪರೇಷನ್ ಮಾಡಿಸಿ ಅದು ಕೈಕೊಟ್ಟಿತ್ತು. ಇನ್ನೊಂದನ್ನು ಮುಟ್ಟಿಸಲು ಅವರು ಒಪ್ಪಲಿಲ್ಲ.

ಅಳತೆ ಸಿಗಬೇಕಾದರೆ ಮೊದಲ ಪ್ಯಾಟ್ರನ್ನಿನ ಮಿಷನ್ನೇ ಬೇಕು. ಹಳೆಯ ಗಿರಾಕಿಗಳೆಲ್ಲ ಅವನ್ನು ಗುಜರಿಗೆ ಹಾಕಿ ಉತ್ತರ ಭಾರತದ ಕಡೆಯ ಮಿಷನ್ನು ತರಿಸಿಕೊಂಡಾಗಿತ್ತು. ಉಳಿದದ್ದು ರಾಮಗಿರಿಯದೊಂದೇ. ಎತ್ತಪ್ಪ ಅದನ್ನು ಜಾಗದಿಂದ ಕದಲಿಸಲು ಬಿಡಲಿಲ್ಲ, ಅದು ನಮ್ಮನೆ ದೇವರು ಸಾಬ್ರೇ, ಇಲ್ಲೇ ಬಂದು ನೋಡಿಕೊಳ್ಳಿ ಅಂದ. ಸಾಬರು ಚಿಕ್ಕಜಾಜೂರಿನಲ್ಲಿ ರೈಲು ಬದಲಿಸಿಕೊಂಡು ರಾಮಗಿರಿಗೆ ಹೋಗುವುದು, ಮುಟ್ಟಿ ಮುಟ್ಟಿ ಅಳೆಯುವುದು, ಬಂದು ಶೆಡ್ಡಿನಲ್ಲಿ ಕೂತು ಕೆತ್ತುವುದು. ಒಂದು ವರ್ಷದ ಮೇಲೆ ಹಿಡಿಯಿತು. ಮಹಮೂದಾ ಪ್ರತಿದಿನ ಸಂಜೆ ಬಂದು ಆ ಮರದ ಪುಡಿಯನ್ನು ಗುಡಿಸಿ, ಪ್ಯಾಟ್ರನ್ನುಗಳನ್ನು ಎತ್ತರದ ಅಟ್ಟಕ್ಕೆ ತಾವೇ ಏರಿಸಿ, ಹಳೇ ಸೀರೆ ಹೊದಿಸುತ್ತಿದ್ದರು. ಕೂಸನ್ನು ಮಲಗಿಸಿದ ಹಾಗೆ ಮಾಡುತ್ತಿದ್ದರು.

ಎರಡು ಸ್ಕೇಲು ಅಂದೆನಲ್ಲ, ಎರಡೂ ಅದೇ ಬೆಂಚಿನ ಮೇಲೇ ಇದ್ದವು. ಸಾಬರ ಕಣ್ಣಿಗೆ ಈಗ ಅವೆರಡೂ ಒಂದೇ.

ದಾವಣಗೆರೆಯಿಂದ ಕಬ್ಬಿಣದ ಅಚ್ಚು ಬಂದ ದಿನ ಸಾಬರು ಜ್ವರ ಬಂದು ಮಲಗಿದ್ದರು. ಒಳ್ಳೆಯದಾಯಿತು. ತಾಜುದ್ದೀನ್ ನನ್ನನ್ನು ಕರೆದ. ಕಾಲುಗಳ ಮೇಲೆ ಹಾಸು ಇಟ್ಟು ನೋಡಿದೆವು. ಬೋಲ್ಟಿನ ಒಂದು ತೂತೂ ಇನ್ನೊಂದರ ಮೇಲೆ ಬರಲಿಲ್ಲ. ಕಾಲು ಒಂದು ಸ್ಕೇಲಿನದು, ಹಾಸು ಇನ್ನೊಂದರದು, ಬೇರಿಂಗಿನ ಮನೆಯಲ್ಲಿ ಒಂದು ಕಡೆ ಅದು, ಇನ್ನೊಂದು ಕಡೆ ಇದು. ಉಜ್ಜಿ, ಕೊರೆದು ಸರಿಮಾಡುವಂಥದ್ದಲ್ಲ. ಬಾಯಿಬಡುಕ ತಾಜುದ್ದೀನ್ ಅದರ ಪಕ್ಕದಲ್ಲೇ ನೆಲದ ಮೇಲೆ ಕುಕ್ಕರಿಸಿ ಅತ್ತುಬಿಟ್ಟ. ಭಾಯಿಗೆ ಯಾವ ಬಾಯಲ್ಲಿ ಹೇಳಲಿ ಅಂದ. ಮಹಮೂದಾ ಬಾಗಿಲಲ್ಲಿ ನಿಂತಿದ್ದರು. ಹೇಳಬೇಡ, ರಾಮಗಿರಿಗೆ ಹೋಗಿ ಆ ಮಿಷನ್ನನ್ನೇ ತಂದು ಇಲ್ಲಿಡು ಅಂದರು.

ಎತ್ತಪ್ಪನಿಗೂ ವಯಸ್ಸಾಗಿತ್ತು, ಕೆಲಸ ಕಡಿಮೆಯಾಗಿತ್ತು. ವಿಷಯ ಕೇಳಿದವನು ಒದ್ದೆ ಬಟ್ಟೆಯಿಂದ ಕುಂಕುಮ ವಿಭೂತಿಯೆಲ್ಲ ಒರೆಸಿ, ಕೈ ಮುಗಿದು, ಮಿಷನ್ನನ್ನು ಲಾರಿಗೆ ಏರಿಸಿಕೊಟ್ಟ. ಲಾರಿಯಿಂದ ಇಳಿಸಲು ನಾನೂ ಹೆಗಲು ಕೊಟ್ಟೆ. ತಾಜುದ್ದೀನ್ ಹಳೇ ಬಣ್ಣವನ್ನೆಲ್ಲ ಕೆರೆಸಿ, ಹೊಸ ಬಣ್ಣ ಹೊಡೆಸಿದ. ಕೂಡದ ಅಚ್ಚನ್ನು ರಾತ್ರೋರಾತ್ರಿ ಗುಜರಿಗೆ ಸಾಗಿಸಿದ.

ಜ್ವರ ಬಿಟ್ಟ ಮೇಲೆ ಸಾಬರು ಬೆಳಿಗ್ಗೆ ಶೆಡ್ಡಿಗೆ ಬಂದರು. ಮೀಸೆಗೆ ಎಣ್ಣೆ ಹಚ್ಚಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು. ಮಿಷನ್ನಿನ ಮುಂದೆ ನಿಂತು ಹಾಸಿನ ಮೇಲೆ ಅಂಗೈ ಓಡಿಸಿದರು. ಉರುಳೆಯನ್ನು ಕೈಯಿಂದ ತಿರುಗಿಸಿದರು, ನೀರು ಹರಿದ ಹಾಗೆ ಸದ್ದಿಲ್ಲದೆ ತಿರುಗಿತು. ಅವರ ಮುಖ ಬೆಳಗಿದ್ದನ್ನು ನಾನು ಕಂಡೆ. ತಾಜುದ್ದೀನ್ ಪಕ್ಕದಲ್ಲಿ ನಿಂತು, ನೋಡು ಭಾಯಿ, ಇನ್ನು ಇದೇ ಪ್ಯಾಟ್ರನ್ನಿನಲ್ಲಿ ಮಾಡ್ತಾ ಹೋಗಾಣ, ಮೊದಲನೇದು ಕಾಟಪ್ಪನಿಗೆ ಎಂದು ಒಂದೇ ಸಮ ಮಾತಾಡುತ್ತಿದ್ದ. ಸಾಬರ ಕೈ ಹಾಸಿನ ಅಂಚಿಗೆ ಬಂದು, ಅಡಿಗೆ ಜಾರಿತು.

ನಮ್ಮ ಬುದ್ಧಿಗೆ ಏನು ಕವಿದಿತ್ತೋ, ಅಷ್ಟು ಜನರಲ್ಲಿ ಒಬ್ಬರಿಗೂ ಅದು ಹೊಳೆದಿರಲಿಲ್ಲ. ಕಬ್ಬಿಣದ ನಡುವೆ ಹುಣಸೆಬೀಜದಷ್ಟು ಮೆತ್ತನೆಯ ಸೀಸ. ಅವರ ಹೆಬ್ಬೆರಳು ಅಲ್ಲಿ ನಿಂತಿತು. ಆ ಕಡೆಗೊಮ್ಮೆ, ಈ ಕಡೆಗೊಮ್ಮೆ ಸವರಿತು, ಮತ್ತೆ ಅಲ್ಲೇ ನಿಂತಿತು. ತಾಜುದ್ದೀನನ ಮಾತು ನಿಂತುಹೋಯಿತು. ಮಹಮೂದಾ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಚೆನ್ನಾಗಿ ಬಂದೈತೆ," ಅಂದರು ಸಾಬರು. ಕೈ ತೆಗೆದು ಅಂಗಿಗೆ ಒರೆಸಿಕೊಂಡರು. "ಕಾಟಪ್ಪನ ಶೆಡ್ಡಿಗೆ ಇಟ್ಟು ಬಾ. ಅಡೀಲಿ ಒಂದು ಕುಂದೈತೆ, ಅವನ ಕೈ ಹಿಡಿದು ಮುಟ್ಟಿಸಿ ಹೇಳು. ಆಮೇಲೆ ಬೋರ್ಡು ಇಳಿಸಿಬಿಡು."

ಅವರು ಅಟ್ಟದ ಕಡೆ ಮುಖ ಎತ್ತಿದರು. ಸೀರೆ ಹೊದ್ದ ಪ್ಯಾಟ್ರನ್ನುಗಳು ಅಲ್ಲೇ ಇದ್ದವು, ಒಂದು ವರ್ಷದ ಕೆಲಸ. ಆಮೇಲೆ ಅವರು ಆಡಿದ ಮಾತಿನ ದನಿಯಲ್ಲಿ ಬೈಗುಳ ಇರಲಿಲ್ಲ, ಕೊಂಕೂ ಇರಲಿಲ್ಲ. ಇದ್ದಿದ್ದರೆ ಕೇಳುವುದು ಸುಲಭವಾಗುತ್ತಿತ್ತು.

"ಮಹಮೂದಾ, ಮಿಷನ್ನು ಆತಲ್ಲ. ಇನ್ನು ಮರ ಯಾಕೆ? ತಗೊಂಡು ಒಲೆಗೆ ಹಾಕು."

ನಾನು ಏನೋ ಹೇಳಲು ಹೋದೆ, ಸಾಬರು ಕೈಯೆತ್ತಿ ತಡೆದರು. ಸ್ವಲ್ಪ ಹೊತ್ತಾದ ಮೇಲೆ ಮಹಮೂದಾ ತಾವೇ ಅಟ್ಟಕ್ಕೆ ಏಣಿ ಹಾಕಿ, ಸೀರೆಯ ಗಂಟು ಬಿಚ್ಚಿ, ಮೊದಲು ಕೈಗೆ ಸಿಕ್ಕಿದ್ದನ್ನು ಎದೆಗವುಚಿಕೊಂಡು ಒಳಗೆ ಹೋದರು. ಒಳ್ಳೆಯ ಒಣಗಿದ ತೇಗ, ಬೇಗ ಹತ್ತಿಕೊಂಡಿತು. ಆ ಒಲೆಯ ಮೇಲೆ ಕಾಯಿಸಿದ ಚಹಾ ನಮಗೆಲ್ಲ ತಂದುಕೊಟ್ಟರು, ನಾನೂ ಕುಡಿದು ಲೋಟ ಕೆಳಗಿಟ್ಟು ಗಿರಣಿಗೆ ಹೋದೆ.